‘ಪಾರ್ಟಿ ಇದೆಯಾ?’: ಜಮೀನು ಹೂಡಿಕೆದಾರರು ಮಾರುವವರನ್ನೂ ಕೊಳ್ಳುವವರನ್ನೂ ಹುಡುಕೋದು ಹೀಗೆ

ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಕನಕಪುರ ಕಡೆಯ ಯಾವುದೇ ಟೀ ಅಂಗಡಿಯಲ್ಲಿ ಅರ್ಧ ಗಂಟೆ ಕೂತರೆ ‘ಪಾರ್ಟಿ’ ಅನ್ನೋ ಪದ ಕಿವಿಗೆ ಬೀಳುತ್ತೆ. ಇದು ರಾಜಕೀಯ ಪಕ್ಷ ಅಲ್ಲ. ಜಮೀನು ಮಾರೋನೂ ಪಾರ್ಟಿ, ಕೊಳ್ಳೋನೂ ಪಾರ್ಟಿ. ಈ ಇಬ್ಬರ ನಡುವೆ ನಿಂತವನ ಬಂಡವಾಳ ಬಹಳ ಸಲ ದುಡ್ಡಲ್ಲ, ಸುಳಿವು. ಇಂಗ್ಲಿಷಿನ ‘ಲೀಡ್’ ಅನ್ನೋ ಪದ ಈಗ ಹಳ್ಳಿಯ ದಲ್ಲಾಳಿಗಳ ಬಾಯಲ್ಲೂ ಓಡಾಡುತ್ತಿದೆ.

ನಾನು ಕೆಲಕಾಲ ಒಂದು ಲೇಔಟ್ ಮಾರ್ಕೆಟಿಂಗ್ ಕಚೇರಿಯಲ್ಲಿ ಫೋನ್ ಮಾಡುವ ಕೆಲಸ ಮಾಡಿದ್ದೇನೆ. ಆಮೇಲೆ ಬೆಂಗಳೂರು ಸುತ್ತಲಿನ ಜಮೀನು ವ್ಯವಹಾರಗಳನ್ನು ಗಮನಿಸುತ್ತಾ ಬಂದಿದ್ದೇನೆ. ಭೂಮಿಯ ಪ್ರಶ್ನೆ ಅಂದರೆ ಭೂಸ್ವಾಧೀನ, ಡಿನೋಟಿಫಿಕೇಷನ್ ಅಂತ ಮಾತ್ರ ನಾವು ಚರ್ಚೆ ಮಾಡ್ತೀವಿ. ಆದರೆ ಒಬ್ಬ ರೈತನ ಎರಡು ಎಕರೆ ಕೈಬದಲಾಗೋದು ಇಂಥ ಸುಳಿವುಗಳ ಜಾಲದಲ್ಲಿ. ಅದು ಕೆಲಸ ಮಾಡುವ ಬಗೆಯನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಕೊಳ್ಳದೆ ಮಾರುವ ಲೆಕ್ಕ

ಸಣ್ಣ ಹೂಡಿಕೆದಾರ ಎಷ್ಟೋ ಸಲ ಜಮೀನು ಕೊಳ್ಳುವುದೇ ಇಲ್ಲ. ಅವನು ಕೊಳ್ಳೋದು ಸಮಯ. ಒಂದು ಉದಾಹರಣೆ ಹಿಡಿಯೋಣ. ಎರಡು ಎಕರೆಗೆ, ಎಕರೆಗೆ 80 ಲಕ್ಷದಂತೆ, ರೈತನ ಜೊತೆ 1.6 ಕೋಟಿಗೆ ಮಾತಾಗುತ್ತೆ. ಹೂಡಿಕೆದಾರ 10 ಲಕ್ಷ ಅಡ್ವಾನ್ಸ್ ಕೊಟ್ಟು ಆರು ತಿಂಗಳ ಅಗ್ರಿಮೆಂಟ್ ಹಾಕಿಕೊಳ್ಳುತ್ತಾನೆ. ಆ ಆರು ತಿಂಗಳೊಳಗೆ ಎಕರೆಗೆ 1 ಕೋಟಿ ಕೊಡುವ ಪಾರ್ಟಿ ಸಿಕ್ಕರೆ, ಕ್ರಯಪತ್ರ ರೈತನಿಂದ ನೇರವಾಗಿ ಆ ಪಾರ್ಟಿಗೆ ಆಗುತ್ತೆ. ನಡುವಿನವನಿಗೆ 40 ಲಕ್ಷ ಉಳಿಯುತ್ತೆ.

ಪಾರ್ಟಿ ಸಿಗದಿದ್ದರೆ? ‘ಇನ್ನೆರಡು ತಿಂಗಳು ಟೈಮ್ ಕೊಡಣ್ಣ’ ಅನ್ನೋ ಮಾತು ಶುರು. ಅಡ್ವಾನ್ಸ್ ದುಡ್ಡು ರೈತನ ಮನೆಯಲ್ಲಿ ಮದುವೆಗೋ ಆಸ್ಪತ್ರೆಗೋ ಖರ್ಚಾಗಿರುತ್ತೆ. ವಾಪಸ್ ಕೊಡೋಕೆ ಆಗಲ್ಲ, ಬೇರೆಯವರಿಗೆ ಮಾರೋಕೂ ಆಗಲ್ಲ. ಕೋರ್ಟಿನಲ್ಲಿ ದಾವೆ ಬಿದ್ದರೆ ಜಮೀನು ವರ್ಷಗಟ್ಟಲೆ ಅಲ್ಲೇ ಸಿಕ್ಕಿಕೊಳ್ಳುತ್ತೆ.

ಕಾನೂನು ಇಲ್ಲಿ ಸ್ಪಷ್ಟವಾಗಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 54ರ ಪ್ರಕಾರ ಬರೀ ಕರಾರಿನಿಂದ ಆಸ್ತಿಯ ಮೇಲೆ ಹಕ್ಕು ಹುಟ್ಟಲ್ಲ. ಜಿಪಿಎ ಬರೆಸಿಕೊಂಡು ‘ಮಾರಾಟ ಆಯ್ತು’ ಅನ್ನೋದು ಮಾರಾಟವೇ ಅಲ್ಲ ಅಂತ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮಾರುವವರ ಸುಳಿವು ಎಲ್ಲಿಂದ?

ಮೊದಲ ಮೂಲ ದಾಖಲೆ. ಭೂಮಿ ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿದರೆ ಯಾರ ಪಹಣಿ ಬೇಕಾದರೂ ನೋಡಬಹುದು. 9ನೇ ಕಾಲಂನಲ್ಲಿ ಮಾಲೀಕರ ಹೆಸರು, 11ನೇ ಕಾಲಂನಲ್ಲಿ ಋಣ. ಈ ಪಾರದರ್ಶಕತೆ ರೈತನಿಗಾಗಿ ಬಂದದ್ದು. ಆದರೆ ಯಾರ ಮೇಲೆ ಸಾಲ ಇದೆ, ಯಾರ ಪಹಣಿಯಲ್ಲಿ ತೀರಿಹೋದ ತಾತನ ಹೆಸರೇ ಉಳಿದಿದೆ ಅನ್ನೋದು ದಲ್ಲಾಳಿಗೂ ಅಷ್ಟೇ ಸುಲಭವಾಗಿ ಕಾಣುತ್ತೆ.

ಎರಡನೆಯದು ಪತ್ರಿಕೆ. ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಕೊಡುವ ಹರಾಜು ಪ್ರಕಟಣೆ, ವಕೀಲರು ಹಾಕಿಸುವ ‘ಸಾರ್ವಜನಿಕ ಪ್ರಕಟಣೆ’. ನಾವು ಓದದೆ ತಿರುವಿ ಹಾಕುವ ಪುಟವನ್ನು ಈ ವ್ಯವಹಾರದವರು ಪೆನ್ ಹಿಡಿದು ಓದುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಬಲವಾದದ್ದು, ಊರಿನ ಬಾಯಿ. ಸಬ್‌ರಿಜಿಸ್ಟ್ರಾರ್ ಕಚೇರಿ ಎದುರಿನ ಪತ್ರ ಬರಹಗಾರರು, ಅಳತೆಗೆ ಬರುವವರು, ಊರಿನ ಮುಖಂಡರು. ಯಾರ ಮನೆಯಲ್ಲಿ ಮಗಳ ಮದುವೆ, ಯಾವ ಅಣ್ಣತಮ್ಮಂದಿರ ನಡುವೆ ಪಾಲಿನ ಜಗಳ, ಯಾರ ಬೋರ್‌ವೆಲ್ ಬತ್ತಿತು, ಎಲ್ಲವೂ ಇಲ್ಲಿ ಲೀಡ್. ಕಷ್ಟ ದೊಡ್ಡದಾದಷ್ಟೂ ರೇಟು ಇಳಿಯುತ್ತೆ.

ನಾಲ್ಕನೆಯದು ಸರ್ಕಾರದ ಘೋಷಣೆ. ರಿಂಗ್ ರೋಡು, ಮೆಟ್ರೋ, ಕೈಗಾರಿಕಾ ಪ್ರದೇಶ ಅನ್ನೋ ಸುದ್ದಿ ಬಂದ ದಿನವೇ ಕಾರುಗಳು ಹಳ್ಳಿಗೆ ಬರುತ್ತವೆ. ‘ಸರ್ಕಾರ ಹೆಂಗೂ ಕಿತ್ಕೊಳುತ್ತೆ, ಅದಕ್ಕಿಂತ ನಮಗೇ ಕೊಟ್ಬಿಡಿ’ ಅನ್ನೋ ಮಾತನ್ನು ನಾನೇ ಕೇಳಿದ್ದೇನೆ. ಆದರೆ ಸರ್ಕಾರ ‘ಹೆಂಗೂ’ ಕಿತ್ಕೊಳ್ಳಲೇಬೇಕು ಅಂತೇನಿಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ ರೈತರು 2022ರಿಂದ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ 1,777 ಎಕರೆ ಸ್ವಾಧೀನ ಕೈಬಿಡುವುದಾಗಿ ಘೋಷಿಸಬೇಕಾಯಿತು.

ಕೊಳ್ಳುವವರನ್ನು ಜರಡಿ ಹಿಡಿಯೋದು

ಇತ್ತ ನಗರದಲ್ಲಿ ಆಟ ಬೇರೆ. 99ಏಕರ್ಸ್, ಮ್ಯಾಜಿಕ್‌ಬ್ರಿಕ್ಸ್‌ನಂಥ ಜಾಲತಾಣಗಳು, ಫೇಸ್‌ಬುಕ್ ಜಾಹೀರಾತಿನ ಕೆಳಗಿನ ಫಾರಂ, ಬ್ರೋಕರ್‌ಗಳ ವಾಟ್ಸಾಪ್ ಗುಂಪು, ಭಾನುವಾರದ ಉಚಿತ ‘ಸೈಟ್ ವಿಸಿಟ್’ ಗಾಡಿ. ಒಮ್ಮೆ ನಂಬರ್ ಕೊಟ್ಟರೆ ಅದು ಒಂದೇ ಕಂಪನಿಯಲ್ಲಿ ಉಳಿಯಲ್ಲ. ಕಚೇರಿಯಿಂದ ಕಚೇರಿಗೆ ಎಕ್ಸೆಲ್ ಶೀಟಿನಲ್ಲಿ ಪ್ರಯಾಣ ಮಾಡುತ್ತೆ.

ನಮ್ಮ ಕಚೇರಿಯಲ್ಲಿ ಪ್ರತಿ ನಂಬರಿಗೂ ‘ಹಾಟ್’, ‘ವಾರ್ಮ್’, ‘ಕೋಲ್ಡ್’ ಅಂತ ಗುರುತು ಹಾಕಬೇಕಿತ್ತು. ಅದಕ್ಕೆ ನಾಲ್ಕು ಪ್ರಶ್ನೆ: ಬಜೆಟ್ ಎಷ್ಟು, ಸಾಲವೋ ಸ್ವಂತ ದುಡ್ಡೋ, ಯಾವಾಗ ತಗೋತೀರಿ, ಮನೆಯಲ್ಲಿ ತೀರ್ಮಾನ ಮಾಡೋರು ಯಾರು. ಐದನೆಯ ಪ್ರಶ್ನೆಯೊಂದು ಕಾಗದದ ಮೇಲೆ ಇರಲಿಲ್ಲ: ‘ಯಾವೂರು ಸಾರ್ ನಿಮ್ಮದು? ಊರಲ್ಲಿ ಯಾವ ಕಡೆಯವರು?’ ಕೇಳೋದು ಊರು, ತಿಳ್ಕೊಳ್ಳೋದು ಜಾತಿ. ಹೆಸರು ಕೇಳಿದ ಕೂಡಲೇ ‘ಆ ಬ್ಲಾಕ್ ಎಲ್ಲಾ ಬುಕ್ ಆಗಿದೆ’ ಅನ್ನಿಸಿಕೊಂಡವರೂ ಇದ್ದರು.

ಇದನ್ನು ತಡೆಯೋ ಕಾನೂನು ತೀರಾ ದುರ್ಬಲ. ಒಂದು ಸಮುದಾಯದ ಗೃಹ ಸಹಕಾರ ಸಂಘ ತನ್ನ ಸಮುದಾಯದವರಿಗೆ ಮಾತ್ರ ಸದಸ್ಯತ್ವ ಕೊಡುವ ಬೈಲಾವನ್ನು ಸುಪ್ರೀಂ ಕೋರ್ಟ್ 2005ರ ಝೋರಾಸ್ಟ್ರಿಯನ್ ಸಹಕಾರ ಸಂಘದ ತೀರ್ಪಿನಲ್ಲಿ ಎತ್ತಿಹಿಡಿದಿದೆ. ರೇರಾ ಕಾಯ್ದೆಯಲ್ಲಿ ಕೊಳ್ಳುವವರ ಜಾತಿ, ಧರ್ಮದ ತಾರತಮ್ಯ ತಡೆಯುವ ಸೆಕ್ಷನ್ ಇಲ್ಲ.

2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳನ್ನು ರಾಜ್ಯ ಸರ್ಕಾರ ತೆಗೆದುಹಾಕಿದ ಮೇಲೆ ಜರಡಿ ಇನ್ನೂ ದೊಡ್ಡದಾಯಿತು. ಅಲ್ಲಿಯವರೆಗೆ ಕೃಷಿ ಜಮೀನು ಕೊಳ್ಳೋಕೆ ಕೃಷಿಕ ಹಿನ್ನೆಲೆ, ಆದಾಯದ ಮಿತಿ ನೋಡುತ್ತಿದ್ದರು. ಈಗ ಸಂಬಳದಾರರೆಲ್ಲ ‘ಫಾರ್ಮ್ ಪ್ಲಾಟ್’ ಗಿರಾಕಿಗಳೇ. ಅನಿವಾಸಿ ಭಾರತೀಯರು ಮಾತ್ರ ಫೆಮಾ ನಿಯಮದ ಪ್ರಕಾರ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ.

ಕಾನೂನು ಎಲ್ಲಿ ಕಾಯುತ್ತೆ?

2016ರ ರೇರಾ ಕಾಯ್ದೆ ಕೊಳ್ಳುವವರಿಗೆ ಒಳ್ಳೆಯ ಅಸ್ತ್ರ:

- 500 ಚದರ ಮೀಟರ್ ಮೀರಿದ ಲೇಔಟ್ ನೋಂದಣಿಗೆ ಮೊದಲು ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ತಗೊಳ್ಳುವಂತಿಲ್ಲ (ಸೆಕ್ಷನ್ 3). ‘ಪ್ರೀ-ಲಾಂಚ್ ಆಫರ್’ ಅನ್ನೋ ಮೆಸೇಜ್ ಬಂದರೆ ಮೊದಲು ಕೇಳಬೇಕಾದ್ದು ರೇರಾ ನಂಬರ್.
- ಇಂಥ ಯೋಜನೆಯ ಸೈಟು, ಫ್ಲಾಟು ಮಾರಿಸುವ ಏಜೆಂಟ್ ಕೂಡ ನೋಂದಣಿ ಮಾಡಿಸಿರಬೇಕು (ಸೆಕ್ಷನ್ 9).
- ಜಾಹೀರಾತಿನ ಸುಳ್ಳು ನಂಬಿ ದುಡ್ಡು ಕೊಟ್ಟು ನಷ್ಟವಾದರೆ ಪರಿಹಾರ ಕೇಳಬಹುದು (ಸೆಕ್ಷನ್ 12).
- ನೋಂದಾಯಿತ ಕರಾರಿಲ್ಲದೆ ಬೆಲೆಯ 10%ಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ (ಸೆಕ್ಷನ್ 13).

ಫೋನ್ ಕಾಟಕ್ಕೂ ನಿಯಮ ಇದೆ. ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿನಿಂದಲೇ ಬರಬೇಕು. ಮಾಮೂಲಿ ಮೊಬೈಲ್ ನಂಬರಿನಿಂದ ಸೈಟು ಮಾರೋ ಕರೆ ಬಂದರೆ 1909ಕ್ಕೆ ದೂರು ಕೊಡಬಹುದು.

ಈಗ ಗಮನಿಸಿ, ಈ ಕಾವಲೆಲ್ಲ ಬಹುತೇಕ ಕೊಳ್ಳುವವನಿಗೆ. ರೇರಾ ‘ಯೋಜನೆ’ಗೆ ಅನ್ವಯಿಸುವ ಕಾಯ್ದೆ. ಬರೀ ಎರಡು ಎಕರೆ ಹೊಲ ಮಾರಿಸುವ ದಲ್ಲಾಳಿ ಅದರ ಕೈಗೆ ಸಿಗಲ್ಲ. ಮಾರುವ ರೈತನಿಗೆ ಪಾರ್ಟಿ ಎಷ್ಟು ಕೊಡ್ತಿದ್ದಾನೆ ಅಂತ ತಿಳಿಸಬೇಕಾದ ಕಟ್ಟುಪಾಡು ಯಾರಿಗೂ ಇಲ್ಲ. ಆ 40 ಲಕ್ಷ ಹುಟ್ಟೋದು ಈ ಮೌನದಲ್ಲಿ.

ನಿಮ್ಮ ಮನೆಗೆ ಪಾರ್ಟಿ ಬಂದರೆ

ಓದುಗರಲ್ಲಿ ಹಲವರ ಅಪ್ಪ ಅಮ್ಮ ಊರಲ್ಲಿ ಜಮೀನು ಇಟ್ಟುಕೊಂಡಿರೋರು. ಅವರ ಜೊತೆ ಕೂತು ಇಷ್ಟು ನೋಡಿ:

- ಕಾವೇರಿ ತಂತ್ರಾಂಶದಲ್ಲಿ ಮಾರ್ಗಸೂಚಿ ದರ ನೋಡಿ. ಮಾರುಕಟ್ಟೆ ದರ ಅದಕ್ಕಿಂತ ಹೆಚ್ಚೇ ಇರಬಹುದು. ಅಕ್ಕಪಕ್ಕ ಈಚೆಗೆ ಮಾರಿದ ಮೂರ್ನಾಲ್ಕು ಜನರನ್ನು ಕೇಳಿ.
- ಅಗ್ರಿಮೆಂಟಿನಲ್ಲಿ ಕೊನೆಯ ದಿನಾಂಕ ಇರಲಿ. ಅವಧಿ ಮೀರಿದರೆ ಅಡ್ವಾನ್ಸ್ ಏನಾಗುತ್ತೆ ಅಂತ ಬರೆದಿರಲಿ. ‘ಅಥವಾ ಅವರು ಸೂಚಿಸಿದವರಿಗೆ’ ಅನ್ನೋ ಸಾಲು ಇದ್ದರೆ ಮಾರಿಕೊಡುವ ದಾರಿ ಅದೇ ಅಂತ ತಿಳಿಯಿರಿ. ಸಹಿಗೆ ಮೊದಲು ರೇಟಿನ ಮಾತು ಮತ್ತೆ ಆಡಿ.
- ಜಿಪಿಎಗೆ ಸಹಿ ಹಾಕುವ ಮೊದಲು ನಿಮ್ಮ ವಕೀಲರಿಗೆ ತೋರಿಸಿ, ಪಾರ್ಟಿಯ ವಕೀಲರಿಗಲ್ಲ.
- ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲಿದೆ. 2020ರ ವಿನೀತಾ ಶರ್ಮಾ ತೀರ್ಪು ಅದನ್ನು ಖಚಿತಪಡಿಸಿದೆ. ‘ಒಂದು ಸೈನ್ ಹಾಕಮ್ಮ ಸಾಕು’ ಅಂತ ಅಕ್ಕತಂಗಿಯರ ಹಕ್ಕು ಬಿಡಿಸೋದು ಬೇಡ.
- ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಪಿಟಿಸಿಎಲ್ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾರುವಂತಿಲ್ಲ. ಹಾಗೆ ಕಳೆದುಕೊಂಡ ಜಮೀನು ವಾಪಸ್ ಕೇಳೋಕೆ ಕಾಲಮಿತಿ ಇಲ್ಲ ಅಂತ 2023ರ ತಿದ್ದುಪಡಿ ಹೇಳುತ್ತೆ.
- ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯೋದು ಆದಾಯ ತೆರಿಗೆ ನಿಯಮಕ್ಕೆ ವಿರುದ್ಧ. ದಂಡ ಬೀಳೋದು ಪಡೆದವರ ಮೇಲೆ, ಅಂದರೆ ರೈತನ ಮೇಲೆ.

ದಲ್ಲಾಳಿ ಕೆಲಸವೇ ತಪ್ಪು ಅಂತ ನಾನು ಹೇಳ್ತಿಲ್ಲ. ಮಾರುವವನಿಗೂ ಕೊಳ್ಳುವವನಿಗೂ ಸೇತುವೆ ಬೇಕು, ಅದಕ್ಕೆ ಕೂಲಿಯೂ ಸಿಗಬೇಕು. ಒಂದೆರಡು ಪರ್ಸೆಂಟ್ ಕಮಿಷನ್ ಯಾರೂ ತಕರಾರು ಮಾಡಲ್ಲ. ತಕರಾರು ಇರೋದು ಕಮಿಷನ್ ಅಂತ ಕರೆಯದೆ ಎತ್ತಿಕೊಳ್ಳುವ ಲಾಭದ ಬಗ್ಗೆ. ಕೃಷಿ ಜಮೀನಿನ ಮಧ್ಯವರ್ತಿಗಳಿಗೂ ನೋಂದಣಿ ಬೇಕು, ಕೊನೆಯ ಕೊಳ್ಳುವವನು ಕೊಟ್ಟ ನಿಜವಾದ ಬೆಲೆಯನ್ನು ರೈತನಿಗೆ ಲಿಖಿತವಾಗಿ ತಿಳಿಸುವ ನಿಯಮ ಬೇಕು. ರೈತ ಸಂಘಟನೆಗಳು ಸ್ವಾಧೀನದ ವಿರುದ್ಧ ಗೆದ್ದ ಕಡೆಯಲ್ಲೂ ಜಮೀನು ಅಗ್ರಿಮೆಂಟಿನ ದಾರಿಯಲ್ಲಿ ಸೋರಿಹೋಗಬಹುದು. ಹಾಗಾಗಿ ಈ ಬೇಡಿಕೆಯನ್ನು ಎತ್ತಬೇಕಾದ ಕಾಲ ಈಗಲೇ.