ಭಕ್ತಿಗೂ ಒಂದು ಸರ್ಟಿಫಿಕೇಟ್

ಇವತ್ತು 72 ವರ್ಷದ ಒಬ್ಬ ಅಜ್ಜನ ಅರ್ಜಿ ನೋಡೋಣ. ಹೆಸರು ಔರೇಲಿಯಸ್ ಡಯೋಜಿನಿಸ್. ಊರು, ಈಜಿಪ್ಟಿನ ಫಯೂಮ್ ಪ್ರದೇಶದ ಒಂದು ಹಳ್ಳಿ. ಗುರುತು, ಬಲ ಹುಬ್ಬಿನ ಮೇಲೆ ಗಾಯದ ಕಲೆ. ಅರ್ಜಿ ಕೊಟ್ಟಿದ್ದು ಕ್ರಿ.ಶ. 250ರಲ್ಲಿ!

ಅರ್ಜಿಯ ಸಾರ ಇಷ್ಟೇ: ನಾನು ಮೊದಲಿನಿಂದಲೂ ದೇವರುಗಳಿಗೆ ಬಲಿ ಕೊಡುತ್ತಾ ಬಂದವನು. ಈಗ ಆಜ್ಞೆಯಂತೆ ನಿಮ್ಮೆದುರೇ ಬಲಿ ಕೊಟ್ಟೆ, ನೈವೇದ್ಯ ಎರೆದೆ, ಬಲಿಯ ಮಾಂಸವನ್ನೂ ತಿಂದೆ. ದಯವಿಟ್ಟು ಸಹಿ ಹಾಕಿಕೊಡಿ.

ಆಜ್ಞೆ ಯಾರದ್ದು? ರೋಮ್ ಚಕ್ರವರ್ತಿ ಡೀಸಿಯಸ್‌ನದ್ದು. ಸಾಮ್ರಾಜ್ಯದ ಜನರೆಲ್ಲ ದೇವರಿಗೆ ಬಲಿ ಕೊಡಬೇಕು, ಕೊಟ್ಟಿದ್ದಕ್ಕೆ ಚೀಟಿ ಇರಬೇಕು. ಅಂಥ ಚೀಟಿಗಳು ಈಜಿಪ್ಟಿನ ಒಣ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ. ಎಲ್ಲವೂ ಪಪೈರಸ್, ಅಂದ್ರೆ ನೈಲ್ ನದಿಯ ಜೊಂಡಿನಿಂದ ಮಾಡಿದ ಹಾಳೆ. ಈ ಅಜ್ಜನ ಚೀಟಿ ಮೊದಲು ಅಚ್ಚಾಗಿದ್ದು 1893ರಲ್ಲಿ.

ಅಲ್ಲಿಯವರೆಗೆ ಈ ಕಥೆ ಹೇಳುತ್ತಿದ್ದವರು ಮುಖ್ಯವಾಗಿ ಕ್ರೈಸ್ತ ಲೇಖಕರು. ಅವರ ಪಾಲಿಗೆ ಇದು ತಮ್ಮ ಮೇಲಿನ ದಾಳಿ. ಅವರ ನೋವು ಸುಳ್ಳಲ್ಲ. ಬಲಿ ಕೊಡಲ್ಲ ಅಂದವರು ಜೈಲು ಕಂಡರು, ಪ್ರಾಣ ಬಿಟ್ಟರು. ಆದರೆ ಒಂದು ಚೀಟಿ ಯಾರದ್ದು ಗೊತ್ತಾ? ಪೆಟೆಸೂಕೋಸ್ ಅನ್ನೋ ಮೊಸಳೆ ದೇವರ ಪೂಜಾರಿಣಿಯದ್ದು! ದಿನಾ ಪೂಜೆ ಮಾಡುವವಳೂ ಹೋಗಿ, ನಾನು ದೈವಭಕ್ತೆ ಅಂತ ಬರೆಸಿಕೊಳ್ಳಬೇಕಾಯ್ತು. ಅಂದರೆ ಆಜ್ಞೆ ಒಂದು ಧರ್ಮದವರಿಗಷ್ಟೇ ಅಲ್ಲ, ಎಲ್ಲರಿಗೂ ಇತ್ತು. ಸಿಕ್ಕ ಚೀಟಿಗಳಲ್ಲಿ ‘ಕ್ರೈಸ್ತ’ ಎಂಬ ಪದವೇ ಇಲ್ಲ. ಇದನ್ನು ನಮಗೆ ಹೇಳಿದ್ದು ಯಾವ ಗ್ರಂಥವೂ ಅಲ್ಲ, ಹಳ್ಳಿಯ ಕಾಗದಪತ್ರ.

ಇನ್ನೊಂದು ಮಾತು. ಬಲಿ ಕೊಡದೆಯೇ ಚೀಟಿ ಮಾತ್ರ ಗಿಟ್ಟಿಸಿಕೊಂಡವರೂ ಇದ್ದರು. ಅಂಥವರನ್ನು ಮತ್ತೆ ಚರ್ಚಿಗೆ ಸೇರಿಸಿಕೊಳ್ಳಬೇಕಾ ಬೇಡವಾ ಅಂತ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಕಾಲದಲ್ಲಿ ದೊಡ್ಡ ಜಗಳವೇ ನಡೆಯಿತು.

ಅಧಿಕಾರಿಗಳು ನೋಡಿದ್ದು ಏನನ್ನು? ಬಲಿ ಕೊಟ್ಟ ಕೈ, ಮಾಂಸ ತಿಂದ ಬಾಯಿ. ಮನಸ್ಸಿನಲ್ಲಿ ಏನಿತ್ತು ಅನ್ನೋದಕ್ಕೆ ಯಾರೂ ಸಹಿ ಹಾಕೋಕೆ ಆಗಲಿಲ್ಲ. ಡಯೋಜಿನಿಸ್ ಅಜ್ಜ ನಿಜವಾದ ಭಕ್ತನೋ, ಹೆದರಿ ಬಂದವನೋ, ಚೀಟಿ ನೋಡಿ ಹೇಳೋಕಾಗಲ್ಲ.

ಮರುವರ್ಷವೇ, 251ರಲ್ಲಿ, ಗಾತ್‌ಗಳ ವಿರುದ್ಧದ ಯುದ್ಧದಲ್ಲಿ ಡೀಸಿಯಸ್ ಸತ್ತ. ಅವನ ಆಜ್ಞೆಯ ಪ್ರತಿ ಇವತ್ತು ಉಳಿದಿಲ್ಲ. ಅಜ್ಜನ ಅರ್ಜಿ ಉಳಿದಿದೆ. ಪ್ರಜೆಯ ಭಕ್ತಿಗೆ ಸರ್ಕಾರ ಸಾಕ್ಷಿ ಕೇಳಿದರೆ ಸಿಗೋದು ಕಾಗದ ಮಾತ್ರ, ಭಕ್ತಿಯಲ್ಲ.