ರೆಡ್ ಕ್ರಾಸ್ ಸಂಸ್ಥೆಯೂ ಘಟಪ್ರಭೆಯ ತೀರವೂ

ಹುಕ್ಕೇರಿ ತಾಲೂಕಿನ ದಡ್ಡಿ ಘಟಪ್ರಭೆಯ ತೀರದ ಊರು. ನಮ್ಮ ಕಡೆಯ ಆಡುಮಾತಿನಲ್ಲಿ ದಡ್ಡಿಯೆಂದರೆ ದನಕುರಿಗಳನ್ನು ಕೂಡುವ ಆವರಣ. ಈ ಸೀಮೆಯ ಯಾವ ಹಳ್ಳಿಯಲ್ಲಿಯೇ ಆಗಲಿ, ಬಿಳಿಯ ಹಲಗೆಯ ಮೇಲೆ ಬರೆದ ಕೆಂಪು ಕೂಡಿಸುವ ಗುರುತನ್ನು ತೋರಿಸಿ ಇದೇನೆಂದು ಕೇಳಿದರೆ, ದವಾಖಾನೆಯ ಗುರುತೆಂದೇ ಉತ್ತರ ಬರುತ್ತದೆ. ತುಸು ಓದಿದವರು ಅದನ್ನು ಕ್ರೈಸ್ತ ಮತದ ಶಿಲುಬೆಯೆಂದು ತಿಳಿದಿರುವುದುಂಟು. ಎರಡೂ ತಿಳಿವಳಿಕೆಗಳು ಸರಿಯಲ್ಲ. ಆ ಗುರುತಿನ ಹಿಂದಿರುವ ಸಂಸ್ಥೆಯ ಚರಿತ್ರೆಯನ್ನು ಶ್ರೀಮಠದ ಭಕ್ತರ ಹಾಗೂ ಹಳೆಯ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

1859ರ ಜೂನ್ 24ರಂದು ಇಟಲಿಯ ಸಾಲ್ಫೆರಿನೋ ಎಂಬಲ್ಲಿ ಫ್ರಾನ್ಸ್ ಮತ್ತು ಸಾರ್ಡಿನಿಯಾದ ಸೈನ್ಯಗಳಿಗೂ ಆಸ್ಟ್ರಿಯಾದ ಸೈನ್ಯಕ್ಕೂ ಘೋರ ಯುದ್ಧವಾಯಿತು. ವ್ಯವಹಾರದ ನಿಮಿತ್ತ ಆ ದಾರಿಯಲ್ಲಿ ಬಂದಿದ್ದ ಜಿನೀವಾ ನಗರದ ಹೆನ್ರಿ ಡ್ಯೂನಾಂಟ್ ಎಂಬ ವ್ಯಾಪಾರಿ, ಸಾವಿರಾರು ಗಾಯಾಳುಗಳು ನೀರಿಲ್ಲದೆ ನರಳುವುದನ್ನು ಕಂಡನು. ಸಮೀಪದ ಊರಿನ ಹೆಂಗಸರು ಇವನು ನಮ್ಮವನು, ಅವನು ವೈರಿ ಎಂದು ನೋಡದೆ ಸಿಕ್ಕ ಅರಿವೆಯಿಂದ ಗಾಯ ಕಟ್ಟಿದರು. ಡ್ಯೂನಾಂಟನೂ ಅವರೊಡನೆ ನಿಂತನು. ಕರುಣೆಗೆ ಅಲ್ಲಿ ಕೊರತೆಯಿರಲಿಲ್ಲ. ಕೊರತೆಯಾದುದು ಬಲ್ಲ ಕೈಗಳದು, ಅರಿವೆಯದು, ಗಾಡಿಗಳದು. 1862ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅವನು ಎತ್ತಿದ ಪ್ರಶ್ನೆಯೂ ಇದನ್ನೇ ಕುರಿತದ್ದು: ಇಂಥ ಸೇವೆಗೆ ಬೇಕಾದ ಜನರನ್ನೂ ಸಾಮಗ್ರಿಯನ್ನೂ ಶಾಂತಿಯ ಕಾಲದಲ್ಲಿಯೇ ಸಿದ್ಧಪಡಿಸಿಡುವ ಸಂಘಗಳು ದೇಶದೇಶಗಳಲ್ಲಿ ಏಕಿರಬಾರದು? ಮರುವರ್ಷ ಜಿನೀವಾದಲ್ಲಿ ಅಂತರರಾಷ್ಟ್ರೀಯ ಸಮಿತಿಯು ಹುಟ್ಟಿತು. 1864ರ ಆಗಸ್ಟ್ 22ರಂದು 12 ರಾಷ್ಟ್ರಗಳು ಮೊದಲ ಜಿನೀವಾ ಒಪ್ಪಂದಕ್ಕೆ ಸಹಿ ಹಾಕಿದವು.

ಶ್ರೀಮಠದ ಪ್ರಸಾದ ನಿಲಯದಲ್ಲಿ ಉಂಡು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಹಸಿದವನು ಬಾಗಿಲಿಗೆ ಬಂದ ಮೇಲೆ ಜೋಳ ಹುಡುಕಲು ಹೊರಡುವುದು ದಾಸೋಹವಾಗಲಾರದು. ಸುಗ್ಗಿಯಲ್ಲಿಯೇ ಉಗ್ರಾಣ ತುಂಬಬೇಕು, ಕಟ್ಟಿಗೆ ಒಣಗಿರಬೇಕು, ಒಲೆಯ ಮುಂದೆ ಬಲ್ಲವರಿರಬೇಕು.

ಈ ಸಿದ್ಧತೆಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಕಹಿಯಾದ ನಿದರ್ಶನವಿದೆ. ಮೊದಲನೆಯ ಮಹಾಯುದ್ಧದಲ್ಲಿ ಮೆಸಪೊಟೇಮಿಯಾದ, ಅಂದರೆ ಇಂದಿನ ಇರಾಕಿನ, ದಂಡಯಾತ್ರೆಯನ್ನು ನಡೆಸಿದುದು ಭಾರತ ಸರಕಾರ. ಅಲ್ಲಿಗೆ ಹೋದ ಸೈನ್ಯದಲ್ಲಿ, ಮುಂದೆ 1922ರಲ್ಲಿ ಬೆಳಗಾವಿಯನ್ನು ತನ್ನ ಕೇಂದ್ರವಾಗಿಸಿಕೊಂಡ ಮರಾಠಾ ಪದಾತಿದಳದ ಪಲ್ಟನ್‌ಗಳೂ ಇದ್ದವು. 1915ರ ನವೆಂಬರಿನಲ್ಲಿ ಟೆಸಿಫಾನ್ ಎಂಬಲ್ಲಿ ಕಾದಾಟವಾಗಿ ಸಾವಿರಾರು ಸಿಪಾಯಿಗಳು ಗಾಯಗೊಂಡರು. ಅವರನ್ನು ಒಯ್ಯಲು ಸಾಕಷ್ಟು ಗಾಡಿಗಳಿರಲಿಲ್ಲ, ಆಸ್ಪತ್ರೆಯ ದೋಣಿಗಳೂ ಇರಲಿಲ್ಲ. ಸ್ಪ್ರಿಂಗಿಲ್ಲದ ಸಾಮಾನು ಬಂಡಿಗಳಲ್ಲಿ ನದಿಯವರೆಗೆ ಸಾಗಿಸಿ, ಮೇಲೆ ಹೊದಿಕೆಯಿಲ್ಲದ ಸರಕು ದೋಣಿಗಳಲ್ಲಿ ತುಂಬಿ, ಟೈಗ್ರಿಸ್ ನದಿಯಲ್ಲಿ ದಿನಗಟ್ಟಲೆ ನಡೆಸಿ ಬಸ್ರಾಕ್ಕೆ ತಂದರು. ಅಲ್ಲಿ ಆ ದೋಣಿಗಳನ್ನು ಬರಮಾಡಿಕೊಂಡ ಮೇಜರ್ ಕಾರ್ಟರ್ ಎಂಬ ವೈದ್ಯಾಧಿಕಾರಿ, ಗಾಯಾಳುಗಳು ತಮ್ಮದೇ ಮಲಮೂತ್ರದಲ್ಲಿ ಬಿದ್ದಿದ್ದುದನ್ನು ಮುಚ್ಚುಮರೆಯಿಲ್ಲದೆ ವರದಿ ಮಾಡಿದನು. ಹಾಗೆ ಬರೆದುದಕ್ಕೆ ಮೇಲಿನವರಿಂದ ಗದರಿಕೆಯನ್ನೂ ಉಂಡನು. 1917ರಲ್ಲಿ ವಿಚಾರಣಾ ಆಯೋಗದ ವರದಿಯು ಹೊರಬಿದ್ದಾಗ, ಲಂಡನ್ನಿನಲ್ಲಿ ಭಾರತದ ಮಂತ್ರಿಯಾಗಿದ್ದ ಆಸ್ಟಿನ್ ಚೇಂಬರ್ಲೇನ್ ರಾಜೀನಾಮೆ ಕೊಡಬೇಕಾಯಿತು. ಸಿಪಾಯಿಗಳ ಶೌರ್ಯವನ್ನು ಕಲ್ಲಿನ ಮೇಲೆ ಕೆತ್ತಿಸಿದ ಸರಕಾರವು ಅವರಿಗೆ ಬೇಕಾದ ದೋಣಿಗಳನ್ನು ಮಾತ್ರ ಮುಂಚಿತವಾಗಿ ಕಟ್ಟಿಸಿರಲಿಲ್ಲ.

ಆ ಯುದ್ಧಕಾಲದಲ್ಲಿ ಭಾರತಕ್ಕೆ ತನ್ನದೇ ಆದ ರೆಡ್ ಕ್ರಾಸ್ ಸಂಸ್ಥೆಯಿರಲಿಲ್ಲ. ಸೇಂಟ್ ಜಾನ್ ಸಂಘ ಮತ್ತು ಬ್ರಿಟಿಷ್ ರೆಡ್ ಕ್ರಾಸಿನ ಜಂಟಿ ಸಮಿತಿಯ ಭಾರತ ಶಾಖೆಯು ಜನರಿಂದ ಹಣವನ್ನೂ ಸಾಮಗ್ರಿಯನ್ನೂ ಕೂಡಿಸಿ ಸೇವೆ ನಡೆಸಿತು. ಯುದ್ಧ ಮುಗಿದಾಗ ಆ ನಿಧಿಯಲ್ಲಿ ಹಣ ಉಳಿದಿತ್ತು. ಅದನ್ನು ಏನು ಮಾಡಬೇಕೆಂಬ ಪ್ರಶ್ನೆಯಿಂದಲೇ ಭಾರತೀಯ ರೆಡ್ ಕ್ರಾಸ್ ಸಂಸ್ಥೆಯು ಹುಟ್ಟಿತೆಂದರೆ ವಾಚಕರು ಅಚ್ಚರಿಪಡಬಹುದು. 1920ರ ಮಾರ್ಚ್ 3ರಂದು ಸರ್ ಕ್ಲಾಡ್ ಹಿಲ್ ಅವರು ಶಾಸನಸಭೆಯಲ್ಲಿ ಮಸೂದೆಯನ್ನು ಮಂಡಿಸಿದರು. ಅದೇ ತಿಂಗಳ 17ರಂದು ಅದು ಅಂಗೀಕೃತವಾಗಿ, 20ರಂದು ಗವರ್ನರ್ ಜನರಲ್‌ರ ಸಮ್ಮತಿ ಪಡೆದು, ಆ ವರ್ಷದ 15ನೆಯ ಅಧಿನಿಯಮವಾಯಿತು. ಜೂನ್ 7ರಂದು 50 ಜನ ಸದಸ್ಯರು ನಾಮಕರಣಗೊಂಡರು. ಯುದ್ಧದ ಗಾಯಾಳುಗಳಿಗಾಗಿ ಕೂಡಿದ ಹಣವು ಹೀಗೆ ಕ್ಷಯರೋಗಿಗಳ ಶುಶ್ರೂಷೆಗೆ, ಮಕ್ಕಳ ಯೋಗಕ್ಷೇಮಕ್ಕೆ ವಿನಿಯೋಗವಾಗಲು ದಾರಿಯಾಯಿತು.

ಸಂಸ್ಥೆಯು ಪ್ರಾಂತಗಳಲ್ಲಿ ಶಾಖೆಗಳನ್ನು ತೆರೆಯುತ್ತ ಬೆಳೆಯಿತು. ಬೆಳಗಾವಿ ಜಿಲ್ಲೆಯು 1956ರವರೆಗೂ ಮುಂಬಯಿಗೆ ಸೇರಿತ್ತಾದ್ದರಿಂದ ಈ ವಿಷಯದಲ್ಲಿಯೂ ನಮ್ಮವರು ಮುಂಬಯಿಯ ಕಡೆಗೇ ನೋಡಬೇಕಾಗಿತ್ತು. 1943ರ ಬಂಗಾಲದ ಕ್ಷಾಮದಲ್ಲಿಯೂ, 1971ರಲ್ಲಿ ಪೂರ್ವ ಬಂಗಾಲದಿಂದ ಸುಮಾರು 1 ಕೋಟಿ ನಿರಾಶ್ರಿತರು ಬಂದಾಗಲೂ ಸಂಸ್ಥೆಯು ಮಾಡಿದ ಕೆಲಸ, ಮುಖ್ಯವಾಗಿ ಮಕ್ಕಳಿಗೆ ಹಾಲುಣಿಸಿದುದು, ಸ್ಮರಣೀಯವಾಗಿದೆ. ಇಂದು ರಾಷ್ಟ್ರಪತಿಗಳು ಇದರ ಅಧ್ಯಕ್ಷರು. ಆದರೂ ಇದು ಸರಕಾರದ ಇಲಾಖೆಯಲ್ಲ; ಸರಕಾರಕ್ಕೆ ನೆರವಾಗುವ, ಸದಸ್ಯರಿಂದ ನಡೆಯುವ ಸಂಸ್ಥೆ. ಸದಸ್ಯರು ಎಚ್ಚರವಾಗಿರುವ ಜಿಲ್ಲೆಯಲ್ಲಿ ಅದಕ್ಕೆ ಜೀವವಿರುತ್ತದೆ, ಇಲ್ಲದಲ್ಲಿ ಹಲಗೆ ಮಾತ್ರವಿರುತ್ತದೆ.

ಪ್ರಾಸಂಗಿಕವಾಗಿ ಒಂದು ಮಾತು. ಘಟಪ್ರಭೆಯ ಕರ್ನಾಟಕ ಆರೋಗ್ಯಧಾಮದೊಡನೆ ಹೆಸರು ಬೆಸೆದುಕೊಂಡ ಡಾ. ನಾ. ಸು. ಹರ್ಡೀಕರರು 1923ರ ಕಾಕಿನಾಡ ಕಾಂಗ್ರೆಸ್ಸಿನ ವೇಳೆ ಸೇವಾದಳವನ್ನು ಸ್ಥಾಪಿಸಿ, ಮರುವರ್ಷ ಗಾಂಧೀಜಿಯವರ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನಕ್ಕೆ ಸ್ವಯಂಸೇವಕರನ್ನು ಅಣಿಗೊಳಿಸಿದರು. ಅವರ ದಾರಿ ಬೇರೆ, ರೆಡ್ ಕ್ರಾಸಿನ ದಾರಿ ಬೇರೆ. ಆದರೆ ಸೇವೆಗೆ ಉತ್ಸಾಹವೊಂದೇ ಸಾಲದು, ಶಿಕ್ಷಣ ಬೇಕೆಂಬುದನ್ನು ಈ ನೆಲದಲ್ಲಿ ಅವರಷ್ಟು ದೃಢವಾಗಿ ನಂಬಿದವರು ವಿರಳ.

ಇನ್ನು ಚಿಹ್ನೆಯ ವಿಚಾರ. ಸ್ವಿಟ್ಜರ್ಲೆಂಡಿನ ಧ್ವಜದಲ್ಲಿ ಕೆಂಪು ನೆಲದ ಮೇಲೆ ಬಿಳಿಯ ಗುರುತಿದೆ. ಆ ಬಣ್ಣಗಳನ್ನು ಅದಲುಬದಲು ಮಾಡಿದ್ದೇ ಈ ಚಿಹ್ನೆ. ಇದು ಆ ದೇಶಕ್ಕೆ ಸಲ್ಲಿಸಿದ ಗೌರವವೆಂದು 1906ರ ಒಪ್ಪಂದದಲ್ಲಿ ಸ್ಪಷ್ಟಪಡಿಸಲಾಗಿದೆ. ತುರ್ಕರು 1876ರಿಂದ ಕೆಂಪು ಅರ್ಧಚಂದ್ರವನ್ನು ಬಳಸತೊಡಗಿದರು. ರಣರಂಗದಲ್ಲಿ ಈ ಗುರುತು ಕಂಡಲ್ಲಿ ಗುಂಡು ಹಾರಿಸಬಾರದೆಂಬುದು ರಾಷ್ಟ್ರಗಳ ಒಡಂಬಡಿಕೆ. ಆದುದರಿಂದಲೇ ನಮ್ಮ ದೇಶದಲ್ಲಿ 1960ರ ಜಿನೀವಾ ಒಪ್ಪಂದಗಳ ಅಧಿನಿಯಮದ ಪ್ರಕಾರ ಅನುಮತಿಯಿಲ್ಲದೆ ಅದನ್ನು ಬಳಸುವುದು ದಂಡಾರ್ಹ ಅಪರಾಧ. ಔಷಧಿ ಅಂಗಡಿಯ ಬಾಗಿಲಿಗೂ ವೈದ್ಯರ ಮೋಟಾರಿಗೂ ಅದನ್ನು ಹಚ್ಚುವವರಿಗೆ ಈ ಕಾನೂನು ಗೊತ್ತಿರುವಂತೆ ಕಾಣುವುದಿಲ್ಲ.

2019ರ ಆಗಸ್ಟಿನಲ್ಲಿ ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಒಟ್ಟಿಗೆ ಉಕ್ಕಿದವು. ದಡ್ಡಿಯಿಂದ ಕೆಳಗೆ ಹಿಡಕಲ್ಲಿನ ರಾಜಾ ಲಖಮಗೌಡ ಜಲಾಶಯವು ತುಂಬಿ, ಬಿಟ್ಟ ನೀರು ಗೋಕಾಕ ಮತ್ತು ಮೂಡಲಗಿ ತಾಲೂಕುಗಳ ಹಳ್ಳಿಗಳಿಗೆ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು. ಸಂಕೇಶ್ವರಕ್ಕೆ ಹಿರಣ್ಯಕೇಶಿಯ ನೀರು ಹೊಕ್ಕಿತು. ಮಠಗಳು ತಡಮಾಡದೆ ದಾಸೋಹ ತೆರೆದವು. ನಾಡಿನ ಮೂಲೆಮೂಲೆಗಳಿಂದ ಲಾರಿಗಳು ಬಂದವು. ಆದರೆ ಲಾರಿಗಳು ನಿಂತದ್ದು ಡಾಂಬರು ರಸ್ತೆ ಇರುವಲ್ಲಿ. ರಸ್ತೆಯ ಬದಿಯ ಊರಿಗೆ ಮೂರು ಸಲ ಚಾದರ ಸಿಕ್ಕಿತು. ಒಳಗಿನ ಊರಿನವರು ನೀರಿಳಿಯುವ ದಾರಿ ಕಾದರು. ಬಂದ ಹಳೆಯ ಬಟ್ಟೆಗಳು ರಾಶಿಯಾಗಿ ತೊಯ್ದು ಕೊಳೆತದ್ದನ್ನು ನಾನೇ ಕಂಡಿದ್ದೇನೆ. ದನ ಬಿಟ್ಟು ಬರಲೊಲ್ಲೆವೆಂದು ಮನೆಯ ಮಾಳಿಗೆಯ ಮೇಲೆ ಕುಳಿತವರಿಗೆ ಬೇಕಾದುದು ಸೀರೆಯಲ್ಲ. ದೋಣಿ, ಹಗ್ಗ, ದನಗಳಿಗೆ ಮೇವು.

1965ರಲ್ಲಿ ವಿಯೆನ್ನಾದಲ್ಲಿ ರೆಡ್ ಕ್ರಾಸ್ ಘೋಷಿಸಿದ 7 ತತ್ತ್ವಗಳಲ್ಲಿ ಎರಡನೆಯದು ನಿಷ್ಪಕ್ಷಪಾತ: ಜಾತಿ, ಮತ, ಪಕ್ಷಗಳನ್ನು ನೋಡದೆ, ಯಾರ ಸಂಕಟ ಹೆಚ್ಚಿನದೋ ಅವರ ಕಡೆಗೆ ಮೊದಲು ಹೋಗಬೇಕು. ಭೇದವೆಣಿಸದಿರುವುದು ನಮಗೆ ಶರಣರು ಕಲಿಸಿಕೊಟ್ಟ ಪಾಠ. ಹೆಚ್ಚಿನ ಸಂಕಟ ಎಲ್ಲಿದೆಯೆಂದು ಕಂಡುಕೊಳ್ಳುವುದಕ್ಕೆ ಮಾತ್ರ ಮೊದಲೇ ಮಾಡಿದ ಲೆಕ್ಕ ಬೇಕು. ಯಾವ ಓಣಿಗೆ ನೀರು ಮೊದಲು ಬರುತ್ತದೆ, ಯಾವ ಮನೆಯಲ್ಲಿ ಏಳಲಾರದ ಮುದುಕರಿದ್ದಾರೆ, ಬಸುರಿಯರೆಷ್ಟು, ದನಗಳೆಷ್ಟು, ಈಜು ಬಲ್ಲವರು ಯಾರು ಎಂಬುದನ್ನು ಬೇಸಿಗೆಯಲ್ಲಿ ಕುಳಿತು ಬರೆದಿಡಬಹುದು. ಹೊಳೆಯೇನೂ ಒಂದೇ ಸಲಕ್ಕೆ ಸುಮ್ಮನಾಗಲಿಲ್ಲ. 2021ರ ಜುಲೈಯಲ್ಲಿ ಮತ್ತೆ ಉಕ್ಕಿತು.

ಇದಕ್ಕೆ ಬೇಕಾದ ಜನರು ದೂರದಲ್ಲಿಲ್ಲ. ಶಾಲೆಗಳಿಗೆ ಜೂನಿಯರ್ ರೆಡ್ ಕ್ರಾಸ್, ಕಾಲೇಜುಗಳಿಗೆ ಯೂಥ್ ರೆಡ್ ಕ್ರಾಸ್ ಎಂಬ ಘಟಕಗಳಿವೆ. ಪ್ರಥಮ ಚಿಕಿತ್ಸೆ, ಮುಳುಗಿದವರಿಗೆ ಉಸಿರು ಮರಳಿಸುವ ಕ್ರಮ, ರಕ್ತದಾನ ಇವೇ ಅವುಗಳ ಪಾಠ. ಕಾಲೇಜು ಸೇರುವಾಗ ಕಟ್ಟುವ ಶುಲ್ಕದ ಪಾವತಿಯಲ್ಲಿ ಗ್ರಂಥಾಲಯ, ಕ್ರೀಡೆಗಳ ಕೆಳಗೆ ರೆಡ್ ಕ್ರಾಸ್ ಎಂಬ ಒಂದು ಸಾಲೂ ಇರುತ್ತದೆ. ಶ್ರೀಮಠದಿಂದ ಓದಲು ಹೋದ ನಮ್ಮಲ್ಲಿ ಬಹುತೇಕರು ಅದನ್ನು ಕಟ್ಟಿದ್ದೇವೆ. ನಾನೂ ಕಟ್ಟಿದ್ದೆ; ಅದೇನೆಂದು ಕಿಟಕಿಯ ಆಚೆ ಕುಳಿತ ಗುಮಾಸ್ತರನ್ನು ಕೇಳಿರಲಿಲ್ಲ.