ಶಾಂತಿಯ ಕಣಿವೆ: ನಿರಾಶ್ರಿತರು ಕಟ್ಟಿದ ಗ್ರಾಮ

ಮಧ್ಯ ಅಮೆರಿಕದ ಬೆಲೀಜ್ ದೇಶದ ಕಾಯೋ ಜಿಲ್ಲೆಯಲ್ಲಿ, ರಾಜಧಾನಿ ಬೆಲ್ಮೋಪಾನ್ ಸಮೀಪದಲ್ಲಿ ‘ವ್ಯಾಲಿ ಆಫ್ ಪೀಸ್’ ಎಂಬ ಗ್ರಾಮವಿದೆ. ಶಾಂತಿಯ ಕಣಿವೆ ಎಂಬುದು ಈ ಹೆಸರಿನ ಅರ್ಥ.

ಎಲ್ ಸಾಲ್ವಡಾರ್ ದೇಶದ ಸಾನ್ ಸಾಲ್ವಡಾರ್ ಮಹಾಧರ್ಮಪ್ರಾಂತ್ಯದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ ಅವರನ್ನು 1980ರ ಮಾರ್ಚ್ 24ರಂದು ಬಲಿಪೂಜೆ ಅರ್ಪಿಸುತ್ತಿರುವಾಗಲೇ ಗುಂಡಿಕ್ಕಿ ಕೊಲ್ಲಲಾಯಿತು. 2018ರಲ್ಲಿ ಅವರಿಗೆ ಸಂತ ಪದವಿ ದೊರೆಯಿತು. ಅಲ್ಲಿನ ಅಂತರ್ಯುದ್ಧ 1992ರವರೆಗೆ ಮುಂದುವರಿದು ಸುಮಾರು 75,000 ಜನರನ್ನು ಬಲಿ ತೆಗೆದುಕೊಂಡಿತು. ಲಕ್ಷಾಂತರ ಜನ ಊರು ಬಿಟ್ಟರು.

1981ರ ಸೆಪ್ಟೆಂಬರ್ 21ರಂದು ಸ್ವತಂತ್ರವಾದ ಬೆಲೀಜ್ ಆಗ ಒಂದೂವರೆ ಲಕ್ಷದಷ್ಟು ಜನಸಂಖ್ಯೆಯ ಪುಟ್ಟ ದೇಶ. ಆದರೂ 1982ರಲ್ಲಿ ಅಲ್ಲಿನ ಸರಕಾರವು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ನೆರವಿನಿಂದ ಕಾಡು ಪ್ರದೇಶದಲ್ಲಿ ಈ ವಸತಿಯನ್ನು ಆರಂಭಿಸಿತು. ನಿರಾಶ್ರಿತರನ್ನು ಬೇಲಿಯೊಳಗಿನ ಶಿಬಿರದಲ್ಲಿ ಇರಿಸದೆ, ಸಾಗುವಳಿಗೆ ಜಮೀನು ಕೊಟ್ಟು, ಸ್ಥಳೀಯ ಕುಟುಂಬಗಳ ಜೊತೆಯಲ್ಲೇ ನೆಲೆಗೊಳಿಸಿದ್ದು ಇದರ ವಿಶೇಷ.

ಕಾಡು ಕಡಿದು ಮೆಕ್ಕೆಜೋಳ, ಬೀನ್ಸ್, ತರಕಾರಿ ಬೆಳೆದವರು ಕ್ರಮೇಣ ಊರನ್ನೇ ಬೆಳೆಸಿದರು. ಮನೆಗಳಲ್ಲಿ ಸ್ಪ್ಯಾನಿಷ್, ಶಾಲೆಯಲ್ಲಿ ದೇಶದ ಅಧಿಕೃತ ಭಾಷೆಯಾದ ಇಂಗ್ಲಿಷ್: ಎರಡರ ನಡುವೆ ಹೊಸ ತಲೆಮಾರು ಬೆಳೆದಿದೆ. ಬೆಲೀಜಿನ ಗ್ರಾಮಗಳ ಆಡಳಿತವನ್ನು ಚುನಾಯಿತ ಅಧ್ಯಕ್ಷರು ಮತ್ತು ಆರು ಸದಸ್ಯರ ಗ್ರಾಮ ಮಂಡಳಿ ನೋಡಿಕೊಳ್ಳುತ್ತದೆ.

ದೇಶಕ್ಕೆ ವಲಸೆ ಬಂದು ದಾಖಲೆ ಇಲ್ಲದೆ ಉಳಿದವರ ಸಮಸ್ಯೆ ಮಾತ್ರ ನಿಂತಿಲ್ಲ. 2022ರಲ್ಲಿ ಬೆಲೀಜ್ ಸರಕಾರ ಅರ್ಹರಿಗೆ ಕಾಯಂ ವಾಸದ ಹಕ್ಕು ನೀಡುವ ಯೋಜನೆ ತಂದಿತು. ಆಶ್ರಯ ಬೇಡಿ ಬಂದವರಿಗೆ ಅನ್ನದ ಜೊತೆಗೆ ನೆಲ ಮತ್ತು ಗುರುತುಪತ್ರವೂ ಬೇಕು ಎಂಬುದನ್ನು ಈ ಗ್ರಾಮ ನಮಗೆ ತಿಳಿಸುತ್ತದೆ.